500 ದಿನ ಯಾವಾಗ್ಲೋ ಮುಗೀತು, ಪ್ರಳಯ ಎಲ್ಲಿ ಸ್ವಾಮಿ?

ಓದುಗರ ಪ್ರಶ್ನೆ: ಚಿಕ್ಕ ವಯಸ್ಸಿಂದ ಕೇಳ್ತಾ ಇದೀನಿ ಸರ್, ‘ಭೂಮಿಗೆ ಇನ್ನು ಇಷ್ಟೇ ಟೈಮು’ ಅಂತ ದೊಡ್ಡ ದೊಡ್ಡ ಲೀಡರ್‌ಗಳು ಹೇಳ್ತಾನೇ ಇರ್ತಾರೆ, ಆ ಡೇಟೂ ಹೋಗುತ್ತೆ, ನಾವೂ ಇರ್ತೀವಿ. ಹಂಗಾದ್ರೆ ಕ್ಲೈಮೇಟ್ ಚೇಂಜ್ ಅನ್ನೋದೇ ಬುರುಡೆನಾ?

ಉತ್ತರ: ಡೇಟ್ ಬುರುಡೆ, ಬಿಸಿ ಬುರುಡೆ ಅಲ್ಲ. ಇಷ್ಟಕ್ಕೇ ಮುಗಿಸ್ಬಹುದಿತ್ತು, ಆದ್ರೆ ಡೇಟ್‌ಗಳ ಕಥೆ ಮಜವಾಗಿದೆ.

ಜಯನಗರದಲ್ಲಿ ನಮ್ಮನೆ ಹತ್ರ ಒಂದು ಕಲ್ಯಾಣ ಮಂಟಪ ಇದೆ, ಆಷಾಢ ಬಂತು ಅಂದ್ರೆ ಮದುವೆ ಇರಲ್ಲ, ಸೀರೆ ಸೇಲ್ ಹಾಕ್ತಾರೆ, ಆಟೋಗೆ ಮೈಕ್ ಕಟ್ಕೊಂಡು ‘ಇಂದೇ ಕಡೆಯ ದಿನ, ಬನ್ನಿ ತಾಯಂದಿರೇ’ ಅಂತ ಹದಿನೈದು ದಿನ ಸುತ್ತುತ್ತಾರೆ. ಮೊದಲ್ನೇ ವರ್ಷ ನಮ್ಮಮ್ಮ ಕುಕ್ಕರ್ ಆಫ್ ಮಾಡಿ ಓಡಿದ್ರು, ಈಗ ಸೊಪ್ಪು ಬಿಡಿಸ್ತಾ ತಲೆನೂ ಎತ್ತಲ್ಲ. ನಿಜವಾದ ಕಡೆ ದಿನ ಯಾವ್ದು ಅಂದ್ರೆ ಮಂಟಪದ ಬುಕಿಂಗ್ ಮುಗಿಯೋ ದಿನ, ಅಷ್ಟೇ.

ಲೀಡರ್‌ಗಳದ್ದೂ ಹಿಂಗೇ. 2009ರ ಜುಲೈನಲ್ಲಿ ಆಗಿನ್ನೂ ಬ್ರಿಟನ್ ಯುವರಾಜ ಆಗಿದ್ದ ಚಾರ್ಲ್ಸ್ ‘ಭೂಮಿ ಉಳಿಸೋಕೆ ಉಳಿದಿರೋದು 96 ತಿಂಗಳು’ ಅಂದ್ರು, ಲೆಕ್ಕ ಹಾಕಿದ್ರೆ 2017ಕ್ಕೆ ಮುಗೀಬೇಕಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ 50 ದಿನಾನೂ ಇಲ್ಲ ಅಂದ್ರು. ಒಂದೇ ದೇಶ, ಮೂರು ತಿಂಗಳ ಗ್ಯಾಪು, ಒಬ್ರು ಎಂಟು ವರ್ಷ ಕೊಟ್ರೆ ಇನ್ನೊಬ್ರು ಎರಡು ತಿಂಗಳೂ ಕೊಡ್ಲಿಲ್ಲ, ಚೌಕಾಸಿಗೂ ಜಾಗ ಇಲ್ಲ. 2014ರ ಮೇನಲ್ಲಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ಫ್ಯಾಬಿಯುಸ್ ‘500 ದಿನ’ ಅಂದ್ರು. ಈಗ ಮಂಟಪದ ಬುಕಿಂಗ್ ನೋಡಿ: ಬ್ರೌನ್ ಹೇಳಿದ 50 ದಿನಕ್ಕೆ ಕೋಪನ್‌ಹೇಗನ್ ಹವಾಮಾನ ಸಮ್ಮೇಳನ ಇತ್ತು, ಫ್ಯಾಬಿಯುಸ್‌ಗೆ 2015ರ ಕೊನೆಗೆ ಪ್ಯಾರಿಸ್ ಸಮ್ಮೇಳನ. ಅದು ಪ್ರಳಯದ ಡೇಟ್ ಅಲ್ಲ ಸ್ವಾಮಿ, ಮೀಟಿಂಗ್ ಡೇಟು.

‘ಇನ್ನು 12 ವರ್ಷ ಅಷ್ಟೇ’ ಅನ್ನೋ ಇನ್ನೊಂದು ಡೇಟ್ ಇದೆ, ಅದು ಸ್ವಲ್ಪ ಬೇರೆ ಜಾತಿ. 2018ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿ ಒಂದು ರಿಪೋರ್ಟ್ ಕೊಡ್ತು, ಬಿಸಿ ಏರಿಕೆ 1.5 ಡಿಗ್ರಿಗೆ ನಿಲ್ಲಬೇಕು ಅಂದ್ರೆ 2030ರ ಹೊತ್ತಿಗೆ ಕಾರ್ಬನ್ ಹೊಗೆ 2010ರ ಮಟ್ಟಕ್ಕಿಂತ ಸುಮಾರು 45% ಇಳೀಬೇಕು ಅಂತ. 2030ರಲ್ಲಿ 2018 ಕಳೆದ್ರೆ 12. ಮೂರೇ ತಿಂಗಳಲ್ಲಿ ಅಮೆರಿಕದ ಸಂಸದೆ ಒಕಾಸಿಯೋ-ಕೋರ್ಟೆಜ್ ಬಾಯಲ್ಲಿ ಅದು ‘12 ವರ್ಷಕ್ಕೆ ಪ್ರಪಂಚವೇ ಮುಗಿಯುತ್ತೆ’ ಅಂತಾಯ್ತು, ಆಮೇಲೆ ಜನ ಹಿಡ್ಕೊಂಡಾಗ ಅದನ್ನ ಅಕ್ಷರಶಃ ತಗೊಳೋದಾ ಅಂತ ಅವರೇ ರೇಗಿದ್ರು. ಡಾಕ್ಟ್ರು ‘ಆರು ತಿಂಗಳಲ್ಲಿ ಶುಗರ್ ಕಂಟ್ರೋಲಿಗೆ ಬರ್ಬೇಕು’ ಅಂದಿದ್ದು ನಾದಿನಿ ಫೋನಿಗೆ ಹೋಗೋಷ್ಟರಲ್ಲಿ ‘ಆರೇ ತಿಂಗಳಂತೆ ಕಣೇ’ ಆಗುತ್ತಲ್ಲ, ಹಂಗೆ.

ವಿಜ್ಞಾನಿಗಳೇನು ಸಾಚಾನಾ ಅಂದ್ರೆ, 2007ರ ಐಪಿಸಿಸಿ ರಿಪೋರ್ಟಲ್ಲೇ 2035ಕ್ಕೆ ಹಿಮಾಲಯದ ಹಿಮನದಿಗಳು ಮಾಯ ಅಂತ ಬರೆದು 2010ರಲ್ಲಿ ತಪ್ಪಾಯ್ತು ಅಂತ ಒಪ್ಕೊಂಡ್ರು. ಒಪ್ಕೊಂಡ್ರಲ್ಲ, ಅದೇ ವ್ಯತ್ಯಾಸ. ಮೈಕ್ ಹಿಡಿದೋರು ಯಾರಾದ್ರೂ ‘ನನ್ನ 500 ದಿನ ತಪ್ಪಾಯ್ತು’ ಅಂದಿದ್ದು ನಾನಂತೂ ಕೇಳಿಲ್ಲ. (ನಮ್ಮ ಏರಿಯಾದಲ್ಲಿ ಪರಿಸರ ದಿನಕ್ಕೆ ‘ಮರ ಉಳಿಸಿ’ ಫ್ಲೆಕ್ಸನ್ನ ಮರಕ್ಕೇ ಮೊಳೆ ಹೊಡೆದು ನೇತಾಕಿದ್ರು, ಅದ್ರಲ್ಲಿ ಹನ್ನೊಂದು ಮುಖ, ಒಂದೂ ಎಲೆ ಇಲ್ಲ.)

ಆದ್ರೆ ನಗೋ ಮುಂಚೆ ನಮ್ಮೂರಿನ ಡೇಟೂ ನೋಡಿ. 2018ರಲ್ಲಿ ನೀತಿ ಆಯೋಗದ ರಿಪೋರ್ಟ್ ಬೆಂಗಳೂರು ಸೇರಿ 21 ನಗರಗಳ ಅಂತರ್ಜಲ 2020ಕ್ಕೆ ಖಾಲಿ ಅಂತು. 2020 ಬಂತು, ಬೋರ್‌ವೆಲ್ ಓಡ್ತಾನೇ ಇತ್ತು, ನಾನೂ ನಕ್ಕೆ. 2023ರ ಮಳೆ ಕೈಕೊಡ್ತು ನೋಡಿ, 2024ರ ಮಾರ್ಚ್‌ಗೆ ಊರಿನ ಅರ್ಧಕ್ಕರ್ಧ ಸರ್ಕಾರಿ ಬೋರ್ ಒಣಗಿ ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆರ್ಡರ್ ಮಾಡ್ತು. ಅದೇ ವರ್ಷ ಜೂನ್ 2ಕ್ಕೆ ಒಂದೇ ದಿನ 111.1 ಮಿಲಿಮೀಟರ್ ಮಳೆ, ಜೂನ್ ತಿಂಗಳ ನೂರು ವರ್ಷಕ್ಕೂ ಹಳೇ ರೆಕಾರ್ಡ್ ಮುರೀತು. ಇದಕ್ಕೆಲ್ಲ ಕ್ಲೈಮೇಟ್ ಒಂದೇ ಕಾರಣ ಅನ್ನೋಕಾಗಲ್ಲ, ಕೆರೆ ಮುಚ್ಚಿ ಲೇಔಟ್ ಮಾಡಿದ್ದು, ರಾಜಕಾಲುವೆ ನುಂಗಿದ್ದು ನಾವೇ ತಾನೇ. ಆದ್ರೆ 2024 ಅನ್ನೋದು ಇಡೀ ಪ್ರಪಂಚದಲ್ಲಿ ಅಲ್ಲೀವರೆಗೂ ಅಳೆದಿದ್ರಲ್ಲೇ ಅತೀ ಬಿಸಿ ವರ್ಷ, ಅದು ಯಾವ ಲೀಡರ್ ಭಾಷಣಾನೂ ಅಲ್ಲ.

ಆ ಮಾರ್ಚ್‌ನಲ್ಲಿ ನಮ್ಮ ಬಿಲ್ಡಿಂಗ್ ನೀರಿನ ಸಂಪ್‌ಗೆ ಪೈಪ್ ಬಿಡ್ತಾ ಟ್ಯಾಂಕರ್‌ನವನು ‘ನಾಳೆಯಿಂದ ರೇಟ್ ಜಾಸ್ತಿ ಸಾರ್, ಆಮೇಲೆ ಹೇಳ್ಲಿಲ್ಲ ಅನ್ಬೇಡಿ’ ಅಂದ. ಇಷ್ಟು ವರ್ಷ ಕೇಳಿರೋ ವಾರ್ನಿಂಗ್‌ಗಳಲ್ಲಿ ಹೇಳಿದ ದಿನಕ್ಕೇ ಕರೆಕ್ಟಾಗಿ ಆಗಿದ್ದು ಅದೊಂದೇ.