‘ಹಂಚಿಕೊಳ್ತೀರಾ?’ ಎಂದು ಕೇಳಿದರೆ ಲೆಕ್ಕ ತಪ್ಪುತ್ತದೆ

ಸಮೀಕ್ಷೆಯಲ್ಲಿ ಮಾದಕ ವಸ್ತುವನ್ನು ಚುಚ್ಚಿಕೊಳ್ಳುವವರನ್ನು “ನೀವು ಸೂಜಿ ಹಂಚಿಕೊಳ್ತೀರಾ?” ಎಂದು ನೇರವಾಗಿ ಕೇಳಿದರೆ “ಇಲ್ಲ” ಎಂಬ ಉತ್ತರ ಸುಲಭವಾಗಿ ಬರುತ್ತದೆ. ಅದೆಲ್ಲ ಸುಳ್ಳಲ್ಲ. ಗೆಳೆಯನ ಸಿರಿಂಜನ್ನು ನೀರಲ್ಲಿ ತೊಳೆದು ಬಳಸಿದವನಿಗೆ ಅದು ಹಂಚಿಕೆ ಅನ್ನಿಸದೇ ಇರಬಹುದು. ಗಂಡ ಹೆಂಡತಿ ಒಂದೇ ಸೂಜಿ ಬಳಸಿದರೆ ಅದು ಮನೆಯೊಳಗಿನ ಮಾತು. ರಕ್ತದ ಮೂಲಕ ಹರಡುವ ಎಚ್‌ಐವಿಗಾಗಲಿ, ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಸ್ಸಿಗಾಗಲಿ ಈ ಭೇದಗಳಿಲ್ಲ.

ಅದಕ್ಕೇ ‘ಹಂಚಿಕೆ’ ಎಂಬ ಪದವನ್ನೇ ಪ್ರಶ್ನೆಯಿಂದ ತೆಗೆಯಬೇಕು. “ಕಳೆದ ಸಲ ಹಾಕ್ಕೊಂಡಾಗ ಸೂಜಿ ಪ್ಯಾಕೆಟ್ಟಿಂದ ಆಗತಾನೇ ಬಿಚ್ಚಿದ್ದಾ?” ಇದು ಒಳ್ಳೆಯ ಪ್ರಶ್ನೆ. ಒಂದೇ ಘಟನೆ, ನೆನಪು ತಾಜಾ, ತಪ್ಪೊಪ್ಪಿಗೆಯ ಭಾರವಿಲ್ಲ. ಆಮೇಲೆ ಎರಡು ದಿಕ್ಕನ್ನೂ ಬಿಡಿಬಿಡಿಯಾಗಿ ಕೇಳಬೇಕು: ಬೇರೆಯವರು ಬಳಸಿದ್ದನ್ನು ನೀವು ಎಷ್ಟು ಸಲ ತಗೊಂಡಿರಿ? ನೀವು ಬಳಸಿದ್ದನ್ನು ಎಷ್ಟು ಸಲ ಕೊಟ್ಟಿರಿ? ತಗೊಂಡವರಿಗೆ ಸೋಂಕು ತಗಲುವ ಅಪಾಯ, ಕೊಟ್ಟವರಿಂದ ಹರಡುವ ಅಪಾಯ. ಒಂದೇ ಗುಂಪಿನೊಳಗೆ ಕೊಟ್ಟ ಸಲಗಳೂ ತಗೊಂಡ ಸಲಗಳೂ ಹೆಚ್ಚುಕಡಿಮೆ ಸರಿಹೊಂದಬೇಕು. ಹೊಂದದಿದ್ದರೆ ಯಾವುದೋ ಒಂದು ಕಡೆ ಮುಚ್ಚಿಟ್ಟಿದ್ದಾರೆ, ಇಲ್ಲವೇ ಗುಂಪಿನ ಹೊರಗಿನವರು ಸೇರಿದ್ದಾರೆ.

ಅವಧಿಯೂ ಮುಖ್ಯ. ಆರು ತಿಂಗಳ ಲೆಕ್ಕ ಕೇಳಿದರೆ “ಮೂರ್ನಾಲ್ಕು ಸಲ” ಎಂಬ ಅಂದಾಜು ಬರುತ್ತದೆ. ಒಂದು ತಿಂಗಳು ಸಾಕು. ಅದಕ್ಕೂ ಗುರುತಿನ ದಿನ ಬೇಕು: ಹಾಸನದಲ್ಲಿ ದೀಪಾವಳಿ ಹೊತ್ತಿಗಾದರೆ “ಹಾಸನಾಂಬೆ ಬಾಗಿಲು ತೆಗೆದ ಮೇಲೆ” ಎಂದು ಕೇಳಬಹುದು, ಬೇರೆ ಕಾಲದಲ್ಲಿ ಸಂತೆಗಳನ್ನು ಎಣಿಸಿ ಹಿಂದಕ್ಕೆ ಹೋಗಬಹುದು. ಒಟ್ಟು ಎಷ್ಟು ಸಲ ಚುಚ್ಚಿಕೊಂಡರೆಂಬುದನ್ನೂ ಬರೆದುಕೊಳ್ಳದಿದ್ದರೆ 60ರಲ್ಲಿ ಒಮ್ಮೆ ಹಳೆ ಸೂಜಿ ಬಳಸಿದವನೂ 2ರಲ್ಲಿ ಒಮ್ಮೆ ಬಳಸಿದವನೂ ಕೋಷ್ಟಕದಲ್ಲಿ ಒಂದೇ ಆಗಿಬಿಡುತ್ತಾರೆ.

ಸೂಜಿ ಹೊಸದಾದರೂ ಅಪಾಯ ತಪ್ಪಿತೆಂದಲ್ಲ. ಕರಗಿಸುವ ಚಮಚ, ಸೋಸುವ ಹತ್ತಿ, ತೊಳೆಯುವ ನೀರಿನ ಲೋಟ, ಒಬ್ಬರ ಸಿರಿಂಜಿನಿಂದ ಇನ್ನೊಬ್ಬರದಕ್ಕೆ ಮದ್ದು ಸುರಿಯುವುದು, ಇವನ್ನೆಲ್ಲ ಬೇರೆ ಬೇರೆಯಾಗಿ ಕೇಳಬೇಕು. ಹೆಪಟೈಟಿಸ್ ಸಿ ವಿಷಯದಲ್ಲಿ ಇವನ್ನು ಬಿಟ್ಟರೆ ಸಮೀಕ್ಷೆ ಅರ್ಧವೇ. ಸಿರಿಂಜ್ ಯಾವ ಬಗೆಯದೆಂದೂ ಗುರುತಿಸಬೇಕು. ಸೂಜಿ ಬಿಚ್ಚಿ ಹಾಕುವ ಸಿರಿಂಜಿನಲ್ಲಿ ಪಿಸ್ಟನ್ ಪೂರ್ತಿ ಒತ್ತಿದ ಮೇಲೂ ಸುಮಾರು 80 ಮೈಕ್ರೊಲೀಟರ್ ದ್ರವ ಉಳಿಯುತ್ತದೆ. ಸೂಜಿ ಅಂಟಿಕೊಂಡೇ ಬರುವ ಇನ್ಸುಲಿನ್ ಸಿರಿಂಜಿನಲ್ಲಿ ಉಳಿಯುವುದು 2 ಮೈಕ್ರೊಲೀಟರಿನಷ್ಟು. ಪ್ರಯೋಗಾಲಯದಲ್ಲಿ ಸೂಜಿ ಬಿಚ್ಚುವ ಬಗೆಯ ಸಿರಿಂಜಿನ ಉಳಿಕೆಯೊಳಗೆ ಹೆಪಟೈಟಿಸ್ ಸಿ ವೈರಸ್ 63 ದಿನಗಳವರೆಗೂ ಜೀವಂತ ಸಿಕ್ಕಿದೆ.

ಯಾರನ್ನು ಕೇಳುವುದು ಎಂಬುದು ಇನ್ನೂ ಕಷ್ಟದ ಪ್ರಶ್ನೆ. 2019ರ ರಾಷ್ಟ್ರೀಯ ವರದಿಯೊಂದು ದೇಶದಲ್ಲಿ ಹೀಗೆ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಎಂದು ಅಂದಾಜಿಸಿತು. ಅವರ ಹೆಸರಿನ ಪಟ್ಟಿ ಎಲ್ಲೂ ಇಲ್ಲ, ಇರಲೂಬಾರದು. ಜಿಲ್ಲಾಸ್ಪತ್ರೆಗೆ ಬಂದವರನ್ನಷ್ಟೇ ಕೇಳಿದರೆ ತೋಟದ ಮಳೆಮಾಪಕವನ್ನು ಸಿಲ್ವರ್ ಮರದ ಕೆಳಗೆ ಇಟ್ಟಂತೆ: ಸುರಿದ ಮಳೆಯ ಇಂಚು–ಸೆಂಟು ಒಂದು, ಬರೆದದ್ದು ಇನ್ನೊಂದು. 1997ರಲ್ಲಿ ಡಗ್ಲಾಸ್ ಹೆಕಥಾರ್ನ್ ಎಂಬ ಸಮಾಜವಿಜ್ಞಾನಿ ಇದಕ್ಕೊಂದು ದಾರಿ ತೋರಿದರು. ಮೊದಲು ಕೆಲವರನ್ನು ಸಂದರ್ಶಿಸಿ, ತಲಾ ಮೂರು ಕೂಪನ್ ಕೊಡುವುದು. ಅವರು ತಮ್ಮ ಪರಿಚಯದವರಿಗೆ ಕೊಡುತ್ತಾರೆ. ಬಂದವರಿಗೆ ಮತ್ತೆ ಮೂರು. ಕೂಪನ್ನಿನಲ್ಲಿ ಸಂಖ್ಯೆ ಇರುತ್ತದೆ, ಹೆಸರಿರುವುದಿಲ್ಲ.

ಆದರೆ ಪರಿಚಯ ಹೆಚ್ಚಿದ್ದವರಿಗೆ ಕೂಪನ್ ಸಿಗುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ “ಚುಚ್ಚಿಕೊಳ್ಳುವವರಲ್ಲಿ ನಿಮಗೆ ಎಷ್ಟು ಜನ ಗೊತ್ತು?” ಎಂದು ಕೇಳಿ, ಆ ಸಂಖ್ಯೆಯ ವಿಲೋಮವನ್ನು (20 ಎಂದರೆ 1/20) ತೂಕವಾಗಿ ಹಾಕುತ್ತಾರೆ. ಹತ್ತು ಜನ ಬಂದರೆನ್ನಿ. ಐವರಿಗೆ ತಲಾ 20 ಪರಿಚಯ, ಅವರಲ್ಲಿ ನಾಲ್ವರು ಹಳೆ ಸೂಜಿ ಬಳಸಿದ್ದಾರೆ. ಉಳಿದ ಐವರಿಗೆ ತಲಾ 4 ಪರಿಚಯ, ಅವರಲ್ಲಿ ಒಬ್ಬರು ಬಳಸಿದ್ದಾರೆ. ತಲೆ ಎಣಿಸಿದರೆ ಶೇ. 50. ತೂಕ ಹಾಕಿದರೆ ಒಟ್ಟು 1.5ರಲ್ಲಿ 0.45, ಅಂದರೆ ಶೇ. 30. ಪರಿಚಯದ ಸಂಖ್ಯೆಯನ್ನು ಒಬ್ಬರು ಬಾಯಿಗೆ ಬಂದಂತೆ ‘ಒಂದು’ ಎಂದುಬಿಟ್ಟರೆ ಅವರ ಉತ್ತರವೊಂದೇ ಇಡೀ ಲೆಕ್ಕವನ್ನು ಎಳೆದೊಯ್ಯುತ್ತದೆ. ಹಾಗಾಗಿ ಆ ಪ್ರಶ್ನೆಯನ್ನು ಎರಡು ಸಲ, ಬೇರೆ ಬೇರೆ ರೀತಿಯಲ್ಲಿ ಕೇಳುವುದು ಮೇಲು.

ಬಾಯಿಮಾತಿಗೆ ಹೊರಗಿನ ಸಾಕ್ಷಿಯೂ ಉಂಟು. ಅಮೆರಿಕದ ನ್ಯೂಹೇವನ್ ನಗರದಲ್ಲಿ 1990ರಲ್ಲಿ ಆರಂಭವಾದ ಸೂಜಿ ವಿನಿಮಯ ಕೇಂದ್ರದಲ್ಲಿ ಪ್ರತಿ ಸಿರಿಂಜಿಗೂ ಸಂಖ್ಯೆ ಹಾಕಿ, ಮರಳಿ ಬಂದವುಗಳಲ್ಲಿ ಎಚ್‌ಐವಿಯ ಕುರುಹು ಪರೀಕ್ಷಿಸಿದರು. ಒಬ್ಬರಿಗೆ ಕೊಟ್ಟ ಸಂಖ್ಯೆ ಇನ್ನೊಬ್ಬರ ಕೈಯಿಂದ ಬಂದರೆ ಅದು ಕೈ ಬದಲಾಯಿಸಿದೆ. ಆದರೂ ನಡುವೆ ಯಾರಾದರೂ ಚುಚ್ಚಿಕೊಂಡರೋ, ಬಿದ್ದಿದ್ದನ್ನು ಸುಮ್ಮನೆ ಎತ್ತಿ ತಂದರೋ ಎಂಬುದನ್ನು ಸಂಖ್ಯೆ ಹೇಳದು.

ಹಾಸನ, ಚಿಕ್ಕಮಗಳೂರಿನಂಥ ಊರುಗಳಲ್ಲಿ ಒಬ್ಬರನ್ನೊಬ್ಬರು ಬಲ್ಲವರೇ ಜಾಸ್ತಿ. ಸಂದರ್ಶಕರು ಅದೇ ಬೀದಿಯವರಾಗಿರಬಾರದು. ಖಾಸಗಿ ಪ್ರಶ್ನೆಗಳಿಗೆ ಹೆಡ್‌ಫೋನ್ ಹಾಕಿ ಟ್ಯಾಬ್‌ನಲ್ಲಿ ಉತ್ತರ ಒತ್ತಿಸುವುದು ವಾಸಿ. ವರದಿಯಲ್ಲಿ ಜಿಲ್ಲೆಯ ಹೆಸರು ಸಾಕು. ಇಂಥ ಬಸ್‌ಸ್ಟ್ಯಾಂಡಿನ ಹಿಂದೆ, ಇಂಥ ಪಾಳು ಮನೆಯಲ್ಲಿ ಎಂದು ಬರೆದ ಮರುದಿನದಿಂದ ಅಲ್ಲಿಗೆ ಯಾರೂ ಬರುವುದಿಲ್ಲ, ಮುಂದಿನ ವರ್ಷ ಕೂಪನ್ ತೆಗೆದುಕೊಳ್ಳುವವರೂ ಇರುವುದಿಲ್ಲ.