ಸೊಂಟ ನೋವಿಗೆ ಕೈ ಚಿಕಿತ್ಸೆ: ಮೇಟ್ಲೆಂಡ್, ಮಲ್ಲಿಗನ್, ಥ್ರಸ್ಟ್, ಮಸಾಜ್

ಫಿಸಿಯೋಥೆರಪಿ ಪರೀಕ್ಷೆಗೆ ಈ ನಾಲ್ಕು ಕೈ ಚಿಕಿತ್ಸೆಗಳನ್ನೂ ಬೇರೆ ಬೇರೆ ಪಾಠವಾಗಿ ಓದುತ್ತೇವೆ. ಕ್ಲಿನಿಕ್ ಪೋಸ್ಟಿಂಗ್‌ಗೆ ಹೋದಾಗ ಗೊಂದಲ ಶುರು. ಎದುರಿಗೆ ಒಬ್ಬರು ಸೊಂಟ ಹಿಡ್ಕೊಂಡು ನಿಂತಿದ್ದಾರೆ, ಯಾವುದನ್ನು ಮಾಡುವುದು? ಅವರನ್ನೇ ಬಗ್ಗಿಸಿ ನೋಡಿ. ಎಲ್ಲಿ ನೋವು ಹಿಡಿಯುತ್ತದೋ ಆ ಚಲನೆಯೇ ನಮ್ಮ ಅಳತೆಗೋಲು. ಮೇಟ್ಲೆಂಡ್ ಪಾಠದಲ್ಲಿ ಅದಕ್ಕೆ ಕಂಪ್ಯಾರಬಲ್ ಸೈನ್ ಅಂತಾರೆ.

ಕೈ ಹಾಕುವ ಮೊದಲು ಕೆಲವು ಪ್ರಶ್ನೆ ಕೇಳಲೇಬೇಕು. ಮೂತ್ರ ಕಟ್ಟಿದೆಯಾ? ಕೂರುವ ಜಾಗ ಮರಗಟ್ಟಿದೆಯಾ? ಬಿದ್ದಿದ್ದಾರಾ? ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು, ಬಹಳ ದಿನ ಸ್ಟೆರಾಯ್ಡ್ ತಗೊಂಡದ್ದು? ಮೊದಲೆರಡರಲ್ಲಿ ಒಂದಕ್ಕೆ ಹೌದು ಅಂದರೂ ಅದು ಕಾಡಾ ಈಕ್ವಿನಾ, ಅಂದರೆ ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋಗಿರುವ ತೊಂದರೆ, ಇರಬಹುದು. ಆಗ ತಡ ಮಾಡದೆ ಆಸ್ಪತ್ರೆಗೆ ಕಳಿಸಿ.

ಆಸ್ಟ್ರೇಲಿಯಾದ ಜೆಫ್ರಿ ಮೇಟ್ಲೆಂಡ್ ಅವರ ವಿಧಾನದಲ್ಲಿ ರೋಗಿ ಬೋರಲು ಮಲಗುತ್ತಾರೆ. ಎರಡೂ ಬದಿಯ ಸೊಂಟದ ಮೂಳೆಯ ಮೇಲಂಚಿಗೆ ಕೈ ಇಟ್ಟು ಹೆಬ್ಬೆರಳನ್ನು ನಡುವಿಗೆ ತಂದರೆ ಸುಮಾರು ಎಲ್4, ಅಂದರೆ ಸೊಂಟಭಾಗದ ಬೆನ್ನುಮೂಳೆಗಳಲ್ಲಿ ನಾಲ್ಕನೆಯದು, ಸಿಗುತ್ತದೆ. ಅಂಗೈಯಲ್ಲಿ ಕಿರುಬೆರಳ ಕಡೆ, ಮಣಿಕಟ್ಟಿನ ಹತ್ತಿರ ಇರುವ ಪಿಸಿಫಾರ್ಮ್ ಮೂಳೆಯನ್ನು ಅಲ್ಲಿಟ್ಟು, ಮೊಣಕೈ ನೇರ ಮಾಡಿ, ಮೈಭಾರದಿಂದ ಒತ್ತಿ ಬಿಡುವುದು. ತೋಳಿನ ಬಲದಿಂದ ಒತ್ತಿದರೆ ರೋಗಿಗೆ ಚುಚ್ಚಿದ ಹಾಗಾಗುತ್ತದೆ, ನಮಗೂ ಮಣಿಕಟ್ಟು ನೋಯುತ್ತದೆ. ಈ ಒತ್ತುವಿಕೆಗೆ ನಾಲ್ಕು ಮಟ್ಟ, ಅಂದರೆ ಗ್ರೇಡ್. ಗ್ರೇಡ್ 1, 2 ಬಿಗಿ ಸಿಗುವ ಮೊದಲೇ ನಿಲ್ಲುತ್ತವೆ. ನೋವು ಜಾಸ್ತಿ ಇದ್ದಾಗ ಇವು. ಗ್ರೇಡ್ 3, 4 ಬಿಗಿಯ ಒಳಗೆ ಹೋಗುತ್ತವೆ. ಬಿಗಿತವೇ ಮುಖ್ಯ ತೊಂದರೆ ಆಗಿದ್ದರೆ ಇವು. ಆಮೇಲೆ ಎಬ್ಬಿಸಿ ಮತ್ತೆ ಬಗ್ಗಿಸಿ ನೋಡಬೇಕು. ನಮ್ಮಲ್ಲಿ ಬಹಳ ಜನ ಇದನ್ನೇ ಬಿಟ್ಟುಬಿಡುತ್ತೇವೆ.

ನ್ಯೂಜಿಲೆಂಡಿನ ಬ್ರಯನ್ ಮಲ್ಲಿಗನ್ ಅವರ ಟೆಕ್ನಿಕ್ ಹೆಸರು ಸ್ನ್ಯಾಗ್. ಅದರಲ್ಲಿ ನಾವು ಮೂಳೆಯನ್ನು ತಳ್ಳಿ ಹಿಡಿದಿರುವಾಗ ರೋಗಿಯೂ ಜೊತೆಗೇ ಅಲುಗಾಡಬೇಕು. ಹೂ ಕಟ್ಟುವ ಅಮ್ಮ ಒಬ್ಬರು ಬಂದಿದ್ದರು. ಬಗ್ಗಿದರೆ ಕೈ ಮಂಡಿವರೆಗೂ ಹೋಗುತ್ತಿರಲಿಲ್ಲ. ಅವರನ್ನು ಕೂರಿಸಿ, ಅವರ ಹೊಟ್ಟೆಗೂ ನನ್ನ ಸೊಂಟಕ್ಕೂ ಬೆಲ್ಟ್ ಸುತ್ತಿ, ಅಂಗೈ ಅಂಚಿನಿಂದ ಎಲ್4 ಅನ್ನು ಮೇಲಕ್ಕೆ ತಳ್ಳಿ ಹಿಡಿದೆ. 'ಅಮ್ಮಾ, ಈಗ ನಿಧಾನಕ್ಕೆ ಬಗ್ಗಿ' ಅಂದೆ. ನೋವಾಯಿತು. ಒಂದು ಮೂಳೆ ಕೆಳಗೆ ಹಿಡಿದೆ. ನೋವಿಲ್ಲದೆ ಬಗ್ಗಿದರು. ಇಲ್ಲಿ ನಿಯಮ ಇದೇ: ಮಾಡುವಾಗ ನೋವು ಬರಬಾರದು. ಬಂದರೆ ಜಾಗ ಅಥವಾ ದಿಕ್ಕು ಬದಲಿಸಿ. ಆಗಲೂ ಹೋಗದಿದ್ದರೆ ಅವರಿಗೆ ಈ ಟೆಕ್ನಿಕ್ ಬೇಡ.

ಥ್ರಸ್ಟ್ ಅಂದರೆ ಕೊನೆಯಲ್ಲಿ ಕೊಡುವ ಚಿಕ್ಕ, ವೇಗದ ತಳ್ಳು. 'ಟಕ್' ಅನ್ನುವ ಸದ್ದು ಬೆರಳ ನೆಟಿಗೆಯ ಸದ್ದಿನಂಥದ್ದೇ, ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯಿಂದ ಬರುವಂಥದ್ದು. ಸರಿದ ಮೂಳೆ ಕೂತುಕೊಂಡಿತು ಅಂತ ದಯವಿಟ್ಟು ರೋಗಿಗೆ ಹೇಳಬೇಡಿ. 1998ರಲ್ಲಿ ಸ್ಯಾಕ್ರೋಇಲಿಯಾಕ್ ಕೀಲನ್ನು (ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲು) ಥ್ರಸ್ಟ್‌ಗೆ ಮೊದಲು ಮತ್ತು ನಂತರ ವಿಶೇಷ ಎಕ್ಸ್‌ರೇಯಿಂದ ಅಳೆದರು. ಮೂಳೆಯ ಜಾಗ ಬದಲಾಗಿರಲಿಲ್ಲ. ಮೂಳೆ ಸರಿದಿದೆ ಅಂತ ನಂಬಿದವರು ಬಗ್ಗೋಕೇ ಹೆದರುತ್ತಾರೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ಒದೆಸಿಕೊಳ್ಳುವ ರೂಢಿ ನಮ್ಮ ಕಡೆ ಇದೆ, ಅದನ್ನೂ ವಿಚಾರಿಸಿ. ಮೂಳೆ ಸವೆದ ವಯಸ್ಸಾದವರಿಗೆ ಅದು ಅಪಾಯ. ಅಂಥವರಿಗೆ ನಾವೂ ಥ್ರಸ್ಟ್ ಮಾಡಬಾರದು.

ಮಸಾಜ್ ಸ್ನಾಯುವಿನ ಬಿಗಿ ಸಡಿಲಿಸುತ್ತದೆ, ಆರಾಮ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಸ್ವಲ್ಪ ದಿನಕ್ಕೆ ಮಾತ್ರ.

ಹಾಗಾದರೆ ಯಾವುದು ಮೇಲು? 2019ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆ 47 ಪ್ರಯೋಗಗಳ, 9,211 ಜನರ ಪರಿಶೀಲನೆ ಪ್ರಕಟಿಸಿತು. ದೀರ್ಘಕಾಲದ ಸೊಂಟ ನೋವಿಗೆ ಬೆನ್ನಿನ ಮ್ಯಾನಿಪ್ಯುಲೇಶನ್ (ಥ್ರಸ್ಟ್), ಮೊಬಿಲೈಸೇಶನ್ (ಮೇಟ್ಲೆಂಡ್‌ನಂತೆ ನಿಧಾನಕ್ಕೆ ಒತ್ತಿ ಬಿಡುವುದು) ಎರಡೂ ವ್ಯಾಯಾಮದಂಥ ಒಪ್ಪಿತ ಚಿಕಿತ್ಸೆಗಳಷ್ಟೇ ಕೆಲಸ ಮಾಡುತ್ತವೆ ಅಂತ ಕಂಡಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಸಂಸ್ಥೆ ನೈಸ್ 2016ರಲ್ಲೇ ಹೇಳಿದೆ: ಕೈ ಚಿಕಿತ್ಸೆ ಕೊಡುವುದಾದರೆ ವ್ಯಾಯಾಮದ ಜೊತೆಗೇ ಕೊಡಿ. ನೋವು ಇಳಿದ ಆ ಸ್ವಲ್ಪ ಹೊತ್ತಿನಲ್ಲಿ ರೋಗಿ ಧೈರ್ಯವಾಗಿ ಅಲುಗಾಡುತ್ತಾರೆ. ಕೈ ಚಿಕಿತ್ಸೆಯ ದೊಡ್ಡ ಬೆಲೆ ನನಗೆ ಅಲ್ಲೇ ಕಾಣುತ್ತದೆ.

ಆ ಅಮ್ಮನಿಗೆ ಸ್ನ್ಯಾಗ್ ಆದ ತಕ್ಷಣ ಹತ್ತು ಸಲ ಬಗ್ಗಿಸಿದೆವು. ಹೂ ಕಟ್ಟುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಡೆಯಲು ಹೇಳಿದೆವು. ಮುಂದಿನ ವಾರ ಬಂದವರು, ನಾವು ಕೇಳುವ ಮೊದಲೇ ಬಗ್ಗಿ ಪಾದ ಮುಟ್ಟಿ ತೋರಿಸಿದರು.