ಆರಿಹೋದ ನೀರಿಗೆ ಲೆಕ್ಕ ಇಟ್ಟವರು

ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪು ಮಾಡುವುದೆಂದರೆ ನೀರನ್ನು ಆರಿಸುವುದು, ಅಷ್ಟೇ. ಭರತದ ಹೊತ್ತಿಗೆ ಅಘನಾಶಿನಿಯ ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲು, ಗಾಳಿಗೆ ಒಡ್ಡುತ್ತಾರೆ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಲವಣ ಇರುವುದು ಸುಮಾರು 35 ಗ್ರಾಂ. ನೀರಿನ ಹತ್ತರಲ್ಲಿ ಒಂಬತ್ತು ಪಾಲು ಆರಿಹೋಗುವವರೆಗೆ ಉಪ್ಪಿನ ಹರಳು ಕಣ್ಣಿಗೇ ಬೀಳುವುದಿಲ್ಲ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಆ ಉಪ್ಪಿಗಾಗಿ ಆರಿಹೋದ ನೀರೆಷ್ಟು ಎಂದು ಕೇಳುವವರು ಮಾತ್ರ ಕಡಿಮೆ.

ಕೇಳಿದರೆ ಉತ್ತರ ದೊಡ್ಡದು. ಒಂದು ಚದರ ಮೀಟರ್ ಜಾಗದಿಂದ ಒಂದು ಮಿಲಿಮೀಟರ್ ನೀರು ಹೋದರೆ ಅದು ಒಂದು ಲೀಟರ್. ಅದನ್ನು ಆವಿಯಾಗಿಸಲು ಸುಮಾರು 2.45 ಮೆಗಾಜೂಲ್ ಶಾಖ ಬೇಕು. ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ. ಒಂದು ಎಕರೆಯಿಂದ ದಿನಕ್ಕೆ 5 ಮಿ.ಮೀ. ಹೋಯಿತು ಅಂದುಕೊಳ್ಳಿ. ಇಪ್ಪತ್ತು ಸಾವಿರ ಲೀಟರ್ ನೀರು, ಹದಿಮೂರು ಸಾವಿರ ಯೂನಿಟ್‌ಗೂ ಜಾಸ್ತಿ ಶಾಖ! ಇಷ್ಟೆಲ್ಲ ಬಿಟ್ಟಿ ಸಿಗುವುದರಿಂದಲೇ ಉಪ್ಪು ಅಗ್ಗ.

ಈ ಲೆಕ್ಕಕ್ಕೆ ಮೊದಲು ಕೈಹಾಕಿದವರಲ್ಲಿ ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ ಒಬ್ಬ. 1687ರಲ್ಲಿ ಅವನು ಒಂದು ಬಾಣಲೆಯಲ್ಲಿ ಸಮುದ್ರದಷ್ಟೇ ಉಪ್ಪಾದ ನೀರು ಹಾಕಿ, ಬೇಸಿಗೆಯ ಗಾಳಿಯಷ್ಟು ಬಿಸಿ ಮಾಡಿ, ತಕ್ಕಡಿಗೆ ತೂಗುಹಾಕಿದ. ಎರಡು ಗಂಟೆಯಲ್ಲಿ ಸುಮಾರು ಅರ್ಧ ಔನ್ಸ್ ಕಡಿಮೆಯಾಯಿತು. ಅಷ್ಟನ್ನೇ ಹಿಡಿದು ಇಡೀ ಮೆಡಿಟರೇನಿಯನ್ ಸಮುದ್ರಕ್ಕೆ ಗುಣಿಸಿದ. ದಿನಕ್ಕೆ 528 ಕೋಟಿ ಟನ್ ಎಂದು ಉತ್ತರ ಬಂತು. ಧೈರ್ಯ ಮೆಚ್ಚಬೇಕು, ಅಲ್ವಾ? ನದಿಗಳು ಎಷ್ಟು ಸುರಿದರೂ ಆ ಸಮುದ್ರ ಏಕೆ ಉಕ್ಕುವುದಿಲ್ಲ ಎಂಬುದು ಅವನ ಪ್ರಶ್ನೆಯಾಗಿತ್ತು. ಅದಕ್ಕೆ ಇಷ್ಟು ಸಾಕಾಯಿತು.

ನನಗೆ ಅವನ ಎರಡನೇ ಪ್ರಯೋಗವೇ ಹೆಚ್ಚು ಹಿಡಿಸುತ್ತದೆ. ಲಂಡನ್ನಿನ ಗ್ರೆಶಮ್ ಕಾಲೇಜಿನ ಕೋಣೆಯೊಳಗೆ, ಬಿಸಿಲೂ ಗಾಳಿಯೂ ತಾಗದ ಕಡೆ, ನೀರಿಟ್ಟು 1693ರ ಉದ್ದಕ್ಕೂ ಅಳೆಸಿದ. ವರ್ಷಕ್ಕೆ ಆರಿದ್ದು ಬರೀ 8 ಇಂಚು. ನೀರು ಆರುವುದರಲ್ಲಿ ಬಿಸಿಲು, ಗಾಳಿಯ ಪಾಲು ಎಷ್ಟು ದೊಡ್ಡದು ಎಂದು ಆಗ ಕಂಡಿತು.

ಗಾಳಿಯ ವಿಚಾರವನ್ನು ಸೂತ್ರಕ್ಕೆ ತಂದವನು ಜಾನ್ ಡಾಲ್ಟನ್, 1802ರಲ್ಲಿ. ನೀರಿನ ಮೈಗೆ ತಾಗಿದ ಗಾಳಿಯಲ್ಲಿ ಆವಿ ತುಂಬಿರುತ್ತದೆ. ಅದರ ಮೇಲಿನ ಗಾಳಿಯಲ್ಲಿ ಆವಿ ಎಷ್ಟು ಕಡಿಮೆಯೋ ಅಷ್ಟು ಬೇಗ ನೀರು ಹೋಗುತ್ತದೆ. ಗಾಳಿ ಬೀಸಿದರೆ ಇನ್ನೂ ಬೇಗ. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಮೇ ತಿಂಗಳ ಕಾರವಾರದಲ್ಲಿ ಬೆವರು ಧಾರಾಕಾರ ಇಳಿದರೂ ಆರುವುದಿಲ್ಲ. ಉಪ್ಪುನೀರಿನ ಕಥೆ ಇನ್ನೂ ಬಿಗಿ. ಉಪ್ಪು ತುಂಬಿ ಗಟ್ಟಿಯಾದ ನೀರಿನ ಮೇಲೆ ಆವಿಯ ಒತ್ತಡ ಸಿಹಿನೀರಿಗಿಂತ ಸುಮಾರು ಕಾಲು ಭಾಗ ಕಡಿಮೆ. ಸುತ್ತಲಿನ ಗಾಳಿಯ ತೇವ ಶೇ 75 ದಾಟಿದರೆ ಆ ನೀರು ಆರುವ ಬದಲು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದೂ ಇದೇ ಕಾರಣಕ್ಕೆ.

ಅಳತೆಗೆ ಬರೋಣ. ನಮ್ಮ ಹವಾಮಾನ ಇಲಾಖೆ ಬಳಸುವುದು ತಾಮ್ರದ ದುಂಡನೆಯ ತೊಟ್ಟಿ. 122 ಸೆಂ.ಮೀ. ಅಗಲ, 25.5 ಸೆಂ.ಮೀ. ಆಳ. ಹೊರಗೆ ಬಿಳಿ ಬಣ್ಣ, ಕೆಳಗೆ ಮರದ ಚೌಕಟ್ಟು. ಕಾಗೆ, ನಾಯಿ ಬಂದು ನೀರು ಕುಡಿಯದಿರಲಿ ಎಂದು ಮೇಲೆ ತಂತಿಯ ಜಾಲರಿ. ತೊಟ್ಟಿಯೊಳಗೆ ಅಲೆ ತಾಗದಂತೆ ಮರೆ ಮಾಡಿದ ಕಡೆ ಒಂದು ಚೂಪು ಮೊನೆ ಇರುತ್ತದೆ. ಬೆಳಿಗ್ಗೆ 8.30ಕ್ಕೆ ನೀರು ಆ ಮೊನೆಗಿಂತ ಎಷ್ಟು ಇಳಿದಿದೆಯೋ ಅಷ್ಟನ್ನು ಅಳತೆಯ ಪಾತ್ರೆಯಿಂದ ತುಂಬುತ್ತಾರೆ. ಆ ಪಾತ್ರೆಯ ಅಗಲ ಸರಿಯಾಗಿ ತೊಟ್ಟಿಯ ಹತ್ತನೇ ಒಂದು. ಹಾಗಾಗಿ ಪಾತ್ರೆಯಲ್ಲಿ 10 ಸೆಂ.ಮೀ. ಇಳಿದರೆ ತೊಟ್ಟಿಯಲ್ಲಿ ಒಂದು ಮಿಲಿಮೀಟರ್. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬರಿಗಣ್ಣಿನಲ್ಲಿ ಓದುವ ಈ ಉಪಾಯ ಯಾರದ್ದೋ, ಭಲೇ ಅನ್ನಬೇಕು.

ಆದರೆ ತೊಟ್ಟಿ ಹೇಳುವುದು ತೊಟ್ಟಿಯ ಸುದ್ದಿ ಮಾತ್ರ. ಅದರ ಲೋಹದ ಗೋಡೆ ಬಿಸಿಲಿಗೆ ಕಾಯುತ್ತದೆ, ಬದಿಯಿಂದಲೂ ಶಾಖ ಒಳಗೆ ಬರುತ್ತದೆ. ದೊಡ್ಡ ಕೆರೆ ಹಾಗೆ ಕಾಯುವುದಿಲ್ಲ. ಅದಕ್ಕೇ ತೊಟ್ಟಿಯ ಅಂಕಿಯನ್ನು 0.7 ಅಥವಾ 0.8ರಿಂದ ಗುಣಿಸಿ ಕೆರೆಗೆ ಹೊಂದಿಸುವ ರೂಢಿ. ಜೂನ್ ಬಂದಮೇಲಂತೂ ಕೇಳುವುದೇ ಬೇಡ. ದಿನಕ್ಕೆ ನೂರು ಮಿ.ಮೀ. ಮಳೆ ಬೀಳುವ ಊರಿನಲ್ಲಿ ಎರಡು ಮಿ.ಮೀ. ಆರಿದ್ದನ್ನು ಹುಡುಕುವುದು ಹೇಗೆ? ಮಳೆಯ ಅಳತೆಯಲ್ಲೇ ಶೇ 3ರಷ್ಟು ಹೆಚ್ಚುಕಡಿಮೆ ಆದರೂ ಲೆಕ್ಕ ಕೊಚ್ಚಿಹೋಯಿತು.

ಈ ಇಕ್ಕಟ್ಟಿನಿಂದ ದಾರಿ ತೋರಿಸಿದ್ದು 1948ರಲ್ಲಿ ಇಂಗ್ಲೆಂಡಿನ ರಾತಂಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊವಾರ್ಡ್ ಪೆನ್ಮನ್. ಡಾಲ್ಟನ್ ಗಾಳಿಯನ್ನು ಹಿಡಿದಿದ್ದ. ಪೆನ್ಮನ್ ಅದರ ಜೊತೆಗೆ ಬಿಸಿಲನ್ನೂ ಸೇರಿಸಿದ. ಶಾಖ ಎಷ್ಟು ಸಿಗುತ್ತದೆ, ಆವಿಯನ್ನು ಗಾಳಿ ಎಷ್ಟು ಬೇಗ ಒಯ್ಯುತ್ತದೆ ಎಂಬ ಎರಡನ್ನೂ ಒಂದೇ ಸಮೀಕರಣಕ್ಕೆ ತಂದ. ಬಿಸಿಲು, ಉಷ್ಣತೆ, ತೇವ, ಗಾಳಿಯ ವೇಗ ಗೊತ್ತಿದ್ದರೆ ಸಾಕು, ನೀರನ್ನು ಮುಟ್ಟದೆ ಲೆಕ್ಕ ಹಾಕಬಹುದು. 1965ರಲ್ಲಿ ಜಾನ್ ಮಾಂಟೀತ್ ಎಲೆಯ ಸಣ್ಣ ರಂಧ್ರಗಳು ಒಡ್ಡುವ ತಡೆಯನ್ನೂ ಅದಕ್ಕೆ ಸೇರಿಸಿದ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಇದನ್ನೇ ಬೆಳೆಯ ನೀರಿನ ಲೆಕ್ಕಕ್ಕೆ ಮಾದರಿ ಎಂದು ಒಪ್ಪಿತು. ಇಂದು ಹನಿ ನೀರಾವರಿಯ ಲೆಕ್ಕದಲ್ಲೂ ಈ ಸೂತ್ರ ಬಳಕೆಯಲ್ಲಿದೆ.

ಬರೀ ಮಣ್ಣು ಆರುವ ರೀತಿ ಬೇರೆ. ಶಿರಸಿ ಕಡೆಯ ಅಂಗಳದಲ್ಲಿ ಚಾಲಿ ಅಡಿಕೆ ಒಣಗುವ ಹಾಗೆ ಅದು. ಮೊದಲ ದಿನಗಳಲ್ಲಿ ಹೊರಗಿನ ನೀರು ಬಿಸಿಲಿದ್ದಷ್ಟು ಬೇಗ ಹೋಗುತ್ತದೆ. ಆಮೇಲೆ ಒಳಗಿನದು ಹೊರಗೆ ಬರುವವರೆಗೆ ಕಾಯಬೇಕು, ಬಿಸಿಲು ಎಷ್ಟಿದ್ದರೂ ಅವಸರವಿಲ್ಲ. ತೋಟದ ಮಣ್ಣಿಗೆ ಹೊದೆಸುವ ಸೊಪ್ಪು, ದರಕು ಉಳಿಸುವುದು ಹೆಚ್ಚಾಗಿ ಮೊದಲ ಹಂತದ ನಷ್ಟವನ್ನು. ಬೇಸಿಗೆಯಲ್ಲಿ ನೀರು ಬಿಟ್ಟ ಮಾರನೇ ದಿನವೇ ಅದರ ಬೆಲೆ ತಿಳಿಯುವುದು.

ಈ ನಡುವೆ ತೊಟ್ಟಿಗಳು ಒಂದು ಒಗಟನ್ನೂ ಕೊಟ್ಟವು. ಭೂಮಿ ಬಿಸಿಯಾದರೆ ನೀರು ಜಾಸ್ತಿ ಆರಬೇಕು ತಾನೆ? ಅಮೆರಿಕ ಮತ್ತು ಹಳೆಯ ಸೋವಿಯತ್ ದೇಶದ ತೊಟ್ಟಿಗಳಲ್ಲಿ ದಶಕದಿಂದ ದಶಕಕ್ಕೆ ಆರುವುದು ಕಡಿಮೆಯಾಗಿದೆ ಎಂದು 1995ರಲ್ಲಿ ವರದಿ ಬಂತು. ಭಾರತದ ಅಂಕಿಗಳಲ್ಲೂ ಅದೇ ಕಂಡಿದೆ ಎಂದು 1997ರಲ್ಲಿ ಇನ್ನೊಂದು ಬಂತು. 2002ರಲ್ಲಿ ಆಸ್ಟ್ರೇಲಿಯದ ರೊಡೆರಿಕ್ ಮತ್ತು ಫಾರ್ಕ್ಯುಹರ್ ಕೊಟ್ಟ ವಿವರಣೆ ಸರಳ: ಮೋಡ ಮತ್ತು ಗಾಳಿಯಲ್ಲಿನ ಕಣಗಳಿಂದ ನೆಲಕ್ಕೆ ಬೀಳುವ ಬಿಸಿಲು ತಗ್ಗಿದೆ. ಹಲವು ಕಡೆ ನೆಲದ ಹತ್ತಿರದ ಗಾಳಿಯ ವೇಗವೂ ಇಳಿದಿದೆ ಎಂಬುದು ಆಮೇಲೆ ಸೇರಿತು. ಥರ್ಮಾಮೀಟರ್ ಒಂದನ್ನೇ ನೋಡಿ ಬರವನ್ನು ಅಂದಾಜು ಮಾಡುವವರು ಇದನ್ನು ಓದಬೇಕು.

ಇನ್ನು ಕಾಡು. ಈಗ ಬಯಲಿನಲ್ಲಿ ಕಂಬ ನೆಟ್ಟು, ಮೇಲೆ ಕೆಳಗೆ ಸುಳಿಯುವ ಗಾಳಿಯನ್ನೂ ಅದರಲ್ಲಿನ ಆವಿಯನ್ನೂ ಸೆಕೆಂಡಿಗೆ ಹತ್ತಾರು ಸಲ ಅಳೆಯುವ ಉಪಕರಣ ಇದೆ. ಅದಕ್ಕೆ ಸಮತಟ್ಟು ನೆಲ ಬೇಕು. ಶಿರಸಿ, ಸಿದ್ದಾಪುರದ ಏರಿಳಿತಗಳಲ್ಲಿ ಅದರ ಲೆಕ್ಕ ಸುಲಭಕ್ಕೆ ಸರಿಹೋಗುವುದಿಲ್ಲ. ಇಂಥ ಕಡೆ ಹಳೆಯ ದಾರಿಯೇ ಗತಿ: ಬಿದ್ದ ಮಳೆಯನ್ನು ಅಳೆಯುವುದು, ಹಳ್ಳದಲ್ಲಿ ಹರಿದದ್ದನ್ನು ಅಳೆಯುವುದು, ಮಣ್ಣಿನಲ್ಲಿ ಉಳಿದದ್ದನ್ನು ನೋಡಿ ಕಳೆಯುವುದು. ನಮ್ಮ ಜಿಲ್ಲೆಯ ಕಾಡು, ಬೋಳು ಬೆಟ್ಟ, ಅಕೇಶಿಯಾ ನೆಡುತೋಪುಗಳನ್ನು ಹೋಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮರಗಳು ಜಾಸ್ತಿ ನೀರು ಕುಡಿದು ಆವಿಯಾಗಿ ಬಿಡುತ್ತವೆ, ನಿಜ. ಆದರೆ ಹಳೆಯ ಕಾಡಿನ ಸಡಿಲ ಮಣ್ಣು ಮಳೆಗಾಲದಲ್ಲಿ ಒಳಗಿಳಿಸಿಕೊಳ್ಳುವ ನೀರೂ ಜಾಸ್ತಿ. ದನ ತುಳಿದು ಗಟ್ಟಿಯಾದ ಬೆಟ್ಟದಲ್ಲಿ ಅಷ್ಟೇ ಮಳೆ ಮೇಲಿಂದ ಮೇಲೆಯೇ ಹರಿದು ಹಳ್ಳ ಸೇರುತ್ತದೆ. ಏಪ್ರಿಲ್‌ನಲ್ಲಿ ತೋಟದ ಕೆಳಗಿನ ಒರತೆ ಬತ್ತಿದಾಗ ಮರ ಕುಡಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಬೈಯುವವರು ಇಳಿಯದೇ ಹೋದ ನೀರನ್ನು ಬಿಟ್ಟುಬಿಡುತ್ತಾರೆ.